ಮೂರನೇ ಬೆಲ್ಟ್: ಮಂಡ್ಯದ ಒಂದು ಕಾರಿನ ಟೆನ್ಷನರ್ ಪ್ರಕರಣ

ಕಳೆದ ಡಿಸೆಂಬರ್‌ನಲ್ಲಿ ಒಂದು ದಿನ ಮಧ್ಯಾಹ್ನ ಎರಡೂವರೆಗೆ ಮೇಷ್ಟ್ರ ಫೋನ್ ಬಂತು.

"ಶ್ರೀರಂಗಪಟ್ಟಣ ದಾಟಿದೀನಿ ಕಣಪ್ಪ. ಬ್ಯಾಟರಿ ದೀಪ ಹತ್ತಿ ಹತ್ತಿ ಆರ್ತದೆ. ಗಾಡಿ ಪಕ್ಕಕ್ಕೆ ಹಾಕಿದೀನಿ. ಹಿಂದೆ ಮನೆಯವ್ರು ಮಲಗವ್ರೆ. ಏನ್ ಮಾಡ್ಲಿ ಹೇಳು."

ಎಂಜಿನ್ ಓಡ್ತಿದೆಯಾ ಅಂತ ಕೇಳಿದೆ. ಓಡ್ತದೆ ಅಂದರು. ಎಸಿ ಆಫ್ ಮಾಡಿ ಸಾರ್ ಅಂದೆ. ಎರಡು ಉಸಿರಿನಷ್ಟು ಹೊತ್ತು ಸುಮ್ಮನಿದ್ದರು. ಆಮೇಲೆ "ದೀಪ ಆರ್ತು" ಅಂದರು.

ಆ ಮಾತು ಕೇಳಿದ ಕೂಡಲೇ ನನಗೆ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಯಿತು. ಎಸಿ ಕಂಪ್ರೆಸರ್‌ನ ಭಾರ ಇಳಿದ ತಕ್ಷಣ ಚಾರ್ಜಿಂಗ್ ಸರಿಹೋಯಿತು ಅಂದರೆ ಬ್ಯಾಟರಿಯದಲ್ಲ, ವೈರಿಂಗ್‌ನದೂ ಅಲ್ಲ. ಚಾರ್ಜಿಂಗ್, ಎಸಿ ಎರಡನ್ನೂ ತಿರುಗಿಸುವ ಬೆಲ್ಟ್ ಜಾರುತ್ತಿದೆ. ಆ ಬೆಲ್ಟನ್ನು ಮೂರು ತಿಂಗಳ ಹಿಂದೆ ನಾನೇ ಹಾಕಿದ್ದೆ.

ಬ್ಲೋವರ್ ಬೇಡ, ಹೆಡ್‌ಲೈಟ್ ಬೇಡ, ಸರ್ವಿಸ್ ರಸ್ತೆಗೆ ಇಳಿದು ನಿಧಾನಕ್ಕೆ ಬನ್ನಿ ಅಂದೆ. ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿರಲಿ, ಅದು ದಿನಾ ನಿಲ್ಲುವ ಜಾಗಕ್ಕಿಂತ ಒಂದು ಗೆರೆ ಮೇಲೆ ಹೋದರೂ ಅಲ್ಲೇ ನಿಲ್ಲಿಸಿ ಎಂಜಿನ್ ಆಫ್ ಮಾಡಿ, ನಾನೇ ಬರ್ತೀನಿ ಅಂತಲೂ ಹೇಳಿದೆ. ಈ ಎಂಜಿನ್‌ನಲ್ಲಿ ವಾಟರ್ ಪಂಪ್ ತಿರುಗುವುದೂ ಅದೇ ಬೆಲ್ಟಿನಿಂದ. ಬೆಲ್ಟ್ ಪೂರ್ತಿ ಕಿತ್ತುಹೋದರೆ ಚಾರ್ಜಿಂಗ್ ನಿಂತರೂ ಬ್ಯಾಟರಿಯ ಮೇಲೆ ಸ್ವಲ್ಪ ದೂರ ಓಡಿಸಬಹುದು. ನೀರು ತಿರುಗದಿದ್ದರೆ ಕೆಲವೇ ನಿಮಿಷದಲ್ಲಿ ಎಂಜಿನ್ ಕಾದು ಎಂಜಿನ್ ತಲೆಭಾಗದ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗುತ್ತದೆ.

ಮೇಷ್ಟ್ರು ಒಂದೂಕಾಲು ಗಂಟೆ ತೆಗೆದುಕೊಂಡು ಮಂಡ್ಯಕ್ಕೆ ಬಂದು ಸೇರಿದರು.

ಗಾಡಿಯ ಹಿನ್ನೆಲೆ

ಮೇಷ್ಟ್ರದ್ದು ಕೆರಗೋಡು ಕಡೆಯ ಒಂದು ಹಳ್ಳಿ. ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಗಾಡಿ 2015ರ ಸಣ್ಣ ಡೀಸೆಲ್ ಕಾರು, ನಾಲ್ಕು ಸಿಲಿಂಡರ್. ಮನೆಯವರಿಗೆ ಮೈಸೂರಿನಲ್ಲಿ ವಾರಕ್ಕೆ ಎರಡು ದಿನ ಡಯಾಲಿಸಿಸ್. ಬೆಳಿಗ್ಗೆ ಐದಕ್ಕೆ ಮನೆ ಬಿಡಬೇಕು. ಇಂಥ ಮನೆಯಲ್ಲಿ ಕಾರು ಕೈಕೊಡಬಾರದು. ಅದು ನನಗೂ ಗೊತ್ತಿತ್ತು.

ಸದ್ದು ಶುರುವಾಗಿದ್ದು ಮಾರ್ಚ್‌ನಲ್ಲಿ, 1,06,000 ಕಿಲೋಮೀಟರ್ ಹೊತ್ತಿಗೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಕೀಚ್ ಅಂತ ಒಂದು ಕೂಗು. ಅರ್ಧ ನಿಮಿಷಕ್ಕೆ ನಿಲ್ಲುತ್ತಿತ್ತು. ಯಾರೋ ಬೆಲ್ಟಿಗೆ ಬಟ್ಟೆ ಸೋಪು ಉಜ್ಜಿಕೊಟ್ಟರು. ಎರಡು ವಾರ ಸದ್ದಿರಲಿಲ್ಲ. ಆಮೇಲೆ ಮತ್ತೆ ಬಂತು. ಇನ್ನೊಂದು ಕಡೆ ಬ್ಯಾಟರಿ ವೀಕ್ ಇದೆ ಅಂತ ಹೊಸ ಬ್ಯಾಟರಿ ಹಾಕಿಸಿದರು. ಮೇ ತಿಂಗಳಲ್ಲಿ, 1,08,400ಕ್ಕೆ, ಹೊಸ ಬೆಲ್ಟ್ ಬಿತ್ತು. ಸೆಪ್ಟೆಂಬರ್‌ನಲ್ಲಿ, 1,13,200ಕ್ಕೆ, ಅದೇ ಸದ್ದು ಇಟ್ಟುಕೊಂಡು ನನ್ನ ಹತ್ತಿರ ಬಂದರು.

ನಾನು ಬಾನೆಟ್ ಎತ್ತಿದೆ. ಬೆಲ್ಟಿನ ಒಂದು ಅಂಚು ಸಿಬಿರು ಎದ್ದಿತ್ತು. ನಾಲ್ಕೇ ತಿಂಗಳಿಗೆ ಹೀಗಾಗಿದೆಯಲ್ಲ, ಕಳಪೆ ಬೆಲ್ಟ್ ಹಾಕಿದ್ದಾರೆ ಅಂದುಕೊಂಡೆ. ಒಳ್ಳೆಯ ಕಂಪನಿಯ ಬೆಲ್ಟ್ ತರಿಸಿ ಹಾಕಿದೆ. ಸದ್ದು ಹೋಯಿತು. ಮೇಷ್ಟ್ರು ಖುಷಿಯಾಗಿ ಹೋದರು.

ಅಲ್ಲಿ ತಪ್ಪಿದ್ದು ನಾನು. ಅಂಚು ಯಾಕೆ ಸವೆಯಿತು ಅಂತ ಕೇಳಿಕೊಳ್ಳಲೇ ಇಲ್ಲ. ಹೊಸ ಬೆಲ್ಟಿನ ಗೆರೆಗಳು ಚೂಪಾಗಿರುತ್ತವೆ, ಪುಲ್ಲಿಯನ್ನು ಚೆನ್ನಾಗಿ ಹಿಡಿಯುತ್ತವೆ. ಬೆಲ್ಟನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರ್ ಅರ್ಧ ಸತ್ತಿದ್ದರೂ ಕೆಲವು ದಿನ ಸದ್ದು ಬರುವುದಿಲ್ಲ. ಹಾಗಾಗಿ ಬೆಲ್ಟ್ ಬದಲಾಯಿಸಿದ ಮೇಲೆ ಸದ್ದು ನಿಂತರೆ ರೋಗ ವಾಸಿಯಾಯಿತು ಅನ್ನುವ ಹಾಗಿಲ್ಲ. ಬೆಲ್ಟ್ ಕಿರುಚುತ್ತದೆ ಅಷ್ಟೇ. ಅದನ್ನು ಕಿರುಚಿಸುತ್ತಿರುವುದು ಬೇರೆಯೇ ಇರುತ್ತದೆ.

ಟೆನ್ಷನರ್ ಮಾಡುವ ಕೆಲಸ

ನಮ್ಮಲ್ಲಿ ಇವತ್ತಿಗೂ ಇದನ್ನು ಫ್ಯಾನ್ ಬೆಲ್ಟ್ ಅಂತಲೇ ಕರೆಯುತ್ತಾರೆ. ಅಂಬಾಸಿಡರ್ ಕಾಲದಲ್ಲಿ ಅದು ನಿಜವಾಗಿಯೂ ಫ್ಯಾನ್ ತಿರುಗಿಸುತ್ತಿದ್ದ ವಿ ಆಕಾರದ ಬೆಲ್ಟ್. ಸಡಿಲವಾದರೆ ಡೈನಮೋದ ಬೋಲ್ಟ್ ಸಡಿಲಿಸಿ, ಅದನ್ನೇ ಹೊರಗೆ ಮೀಟಿ, ಮತ್ತೆ ಬಿಗಿ ಮಾಡುತ್ತಿದ್ದೆವು. ಹೆಬ್ಬೆರಳಿನಲ್ಲಿ ಒತ್ತಿದರೆ ಅರ್ಧ ಇಂಚು ಬಗ್ಗಬೇಕು, ಅಷ್ಟೇ ಲೆಕ್ಕ. ಈಗ ಹೆಚ್ಚಿನ ಕಾರುಗಳಲ್ಲಿ ರೇಡಿಯೇಟರ್ ಫ್ಯಾನ್ ಕರೆಂಟಿನಲ್ಲಿ ತಿರುಗುತ್ತದೆ. ಬೆಲ್ಟ್ ಅಗಲವಾಗಿ, ಚಪ್ಪಟೆಯಾಗಿದೆ. ಒಳಮೈಯಲ್ಲಿ ಉದ್ದಕ್ಕೆ ಉಬ್ಬು ಗೆರೆಗಳಿರುತ್ತವೆ, ಅವಕ್ಕೆ ರಿಬ್ ಅನ್ನುತ್ತೇವೆ. ಬೆಲ್ಟಿನ ಬೆನ್ನ ಮೇಲೆ 6 ಪಿಕೆ ಅಂತ ಬರೆದಿದ್ದರೆ ಆರು ರಿಬ್, ಪಕ್ಕದ ಅಂಕಿ ಮಿಲಿಮೀಟರಿನಲ್ಲಿ ಅದರ ಉದ್ದ. ಎಂಜಿನ್ ತಿರುಗಿಸುವ ಮುಖ್ಯ ಶಾಫ್ಟ್, ಅಂದರೆ ಕ್ರ್ಯಾಂಕಿನ ಪುಲ್ಲಿಯಿಂದ ಹೊರಟು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಎಸಿ ಕಂಪ್ರೆಸರ್, ವಾಟರ್ ಪಂಪ್ ಎಲ್ಲವನ್ನೂ ಸುತ್ತಿಕೊಂಡು ಬರುತ್ತದೆ.

ಸುಗ್ಗಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ನೋಡಿದ್ದೀರಲ್ವಾ? ಗದ್ದೆಯಲ್ಲಿ ಹೊರೆಗೆ ಹಗ್ಗ ಬಿಗಿಯಾಗಿ ಕಟ್ಟಿರುತ್ತಾರೆ. ರಸ್ತೆಗೆ ಬಂದು ನಾಲ್ಕು ಗುಂಡಿ ಇಳಿದು ಹತ್ತುವಷ್ಟರಲ್ಲಿ ಕಬ್ಬು ಕುಸಿದು ಹಗ್ಗ ಸಡಿಲವಾಗುತ್ತದೆ. ಡ್ರೈವರ್ ಇಳಿದು ಮತ್ತೆ ಎಳೆದು ಕಟ್ಟುತ್ತಾನೆ. ಟೆನ್ಷನರ್ ಈ ಕೆಲಸವನ್ನು ಎಂಜಿನ್ ಓಡುವಷ್ಟು ಹೊತ್ತೂ, ಬಿಡುವಿಲ್ಲದೆ ಮಾಡುತ್ತದೆ. ಒಂದು ಅಲ್ಯೂಮಿನಿಯಂ ಡಬ್ಬಿಯ ಒಳಗೆ ಸುರುಳಿ ಸ್ಪ್ರಿಂಗ್. ಅದರಿಂದ ಹೊರಗೆ ಚಾಚಿದ ಒಂದು ತೋಳು. ತೋಳಿನ ತುದಿಯಲ್ಲಿ ಬೇರಿಂಗ್ ಮೇಲೆ ತಿರುಗುವ ಪುಲ್ಲಿ. ಇನ್ನೊಂದು ಭಾಗವನ್ನು ಜನ ಮರೆಯುತ್ತಾರೆ: ತೋಳು ಕೂರುವ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಬುಶ್. ಅದು ಉಜ್ಜಿಕೊಂಡು ತೋಳಿನ ಕುಣಿತವನ್ನು ತಡೆಯುತ್ತದೆ. ಸ್ಪ್ರಿಂಗ್ ಬಿಗಿ ಕೊಟ್ಟರೆ ಬುಶ್ ಹಿಡಿತ ಕೊಡುತ್ತದೆ. ಬುಶ್ ಸವೆದರೆ ಸ್ಪ್ರಿಂಗ್ ಎಷ್ಟೇ ಗಟ್ಟಿಯಿರಲಿ ತೋಳು ಕುಣಿಯುತ್ತದೆ, ವಾಲುತ್ತದೆ. ತೋಳು ವಾಲಿದರೆ ಪುಲ್ಲಿ ಓರೆಯಾಗುತ್ತದೆ. ಪುಲ್ಲಿ ಓರೆಯಾದರೆ ಬೆಲ್ಟ್ ಒಂದು ಬದಿಗೆ ಸರಿದು ಅಂಚು ತಿನ್ನುತ್ತದೆ.

ಮಾರನೇ ದಿನ ಬೆಳಿಗ್ಗೆ

ಗಾಡಿಯನ್ನು ರಾತ್ರಿ ಗ್ಯಾರೇಜಿನಲ್ಲೇ ಬಿಡಿಸಿಕೊಂಡೆ. ಬೆಲ್ಟಿನ ಸದ್ದು ಕೇಳಬೇಕಾದರೆ ಎಂಜಿನ್ ತಣ್ಣಗಿರಬೇಕು, ಬೆಳಗಿನ ತೇವ ಇರಬೇಕು. ಬಿಸಿಲೇರಿದ ಮೇಲೆ ಬಂದ ಗಾಡಿ "ಈಗ ಸದ್ದೇ ಬರ್ತಿಲ್ಲ" ಅಂತ ವಾಪಸ್ ಹೋಗುವುದು ದಿನದ ಕಥೆ.

ಆರೂವರೆಗೆ ಸ್ಟಾರ್ಟ್ ಮಾಡಿದೆವು. ಕೂಗಿತು. ನೀರಿನ ಸ್ಪ್ರೇ ಬಾಟಲಿ ತೆಗೆದುಕೊಂಡು ಬೆಲ್ಟಿನ ರಿಬ್ ಇರುವ ಬದಿಗೆ ಒಂದೆರಡು ಸಲ ಚಿಮುಕಿಸಿದೆ. ಈ ಪರೀಕ್ಷೆ ಯಾರಾದರೂ ಮಾಡಬಹುದು. ತೋಳಿನ ಬಟ್ಟೆ, ಸರ, ದುಪಟ್ಟಾ ಬೆಲ್ಟಿನ ಹತ್ತಿರ ಹೋಗದ ಹಾಗೆ ನೋಡಿಕೊಳ್ಳಿ. ನೀರು ಬಿದ್ದಾಗ ಸದ್ದು ತಗ್ಗಿ, ಒಣಗಿದ ಮೇಲೆ ಮತ್ತೆ ಬಂದರೆ ಪುಲ್ಲಿಗಳ ಸಾಲು ತಪ್ಪಿದೆ ಅಂತ. ನೀರು ಬಿದ್ದ ಕೂಡಲೇ ಸದ್ದು ಜಾಸ್ತಿಯಾದರೆ ಬಿಗಿ ಸಾಲದೆ ಬೆಲ್ಟ್ ಜಾರುತ್ತಿದೆ ಅಂತ. ಇಲ್ಲಿ ಸದ್ದು ಜೋರಾಯಿತು.

ಆಮೇಲೆ ಟೆನ್ಷನರ್ ತೋಳನ್ನು ನೋಡಿದೆವು. ಆರೋಗ್ಯವಾಗಿರುವ ತೋಳು, ಗಾಡಿ ನಿಂತು ಎಂಜಿನ್ ಮಾತ್ರ ಓಡುವ ಐಡ್ಲಿಂಗ್‌ನಲ್ಲಿ ಸಣ್ಣಗೆ ನಡುಗುತ್ತದೆ, ಅಷ್ಟೇ. ಇದು ಕಡಗೋಲಿನ ಹಾಗೆ ಹಿಂದೆ ಮುಂದೆ ಆಡುತ್ತಿತ್ತು. ನಮ್ಮ ಹುಡುಗ ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆದ. ಬರಿಗಣ್ಣಿಗೆ ಬರೀ ಮಸುಕಾಗಿ ಕಂಡಿದ್ದು ವಿಡಿಯೋದಲ್ಲಿ ಸ್ಪಷ್ಟವಾಯಿತು. ಎಸಿ ಹಾಕಿದ ಕ್ಷಣ ತೋಳು ಕೊನೆಯ ತಡೆಗೆ ಹೋಗಿ ಬಡಿಯುತ್ತಿತ್ತು. ಮಲ್ಟಿಮೀಟರ್ ಇಟ್ಟರೆ ಎಸಿ, ಹೆಡ್‌ಲೈಟ್ ಎರಡೂ ಇದ್ದಾಗ ವೋಲ್ಟೇಜ್ 12.7ಕ್ಕೆ ಇಳಿಯುತ್ತಿತ್ತು. ಬರೀ ಐಡ್ಲಿಂಗ್‌ನಲ್ಲಿ 14.1. ಆಲ್ಟರ್ನೇಟರ್ ಕರೆಂಟ್ ಮಾಡಬಲ್ಲದು, ಅದನ್ನು ಯಾರೂ ಸರಿಯಾಗಿ ತಿರುಗಿಸುತ್ತಿಲ್ಲ. ಮಾರ್ಚ್‌ನಲ್ಲಿ ಹೊಸ ಬ್ಯಾಟರಿಗೆ ಕೊಟ್ಟ ದುಡ್ಡು ಸುಮ್ನೆ ಹೋಯಿತು ಅಂತ ಅಲ್ಲಿಗೆ ಗೊತ್ತಾಯಿತು.

ಎಂಜಿನ್ ಆಫ್ ಮಾಡಿ ರಿಂಗ್ ಸ್ಪ್ಯಾನರ್‌ನಲ್ಲಿ ತೋಳನ್ನು ಮೀಟಿದೆ. ಗಟ್ಟಿಯಾಗಿ, ಒಂದೇ ಸಮ ಬರಬೇಕಿತ್ತು. ಮೊದಲು ಹಗುರವಾಗಿ ಬಂತು, ನಡುವೆ ಮರಳು ಸಿಕ್ಕ ಹಾಗೆ ಕಚ್ಚಿತು. ಪುಲ್ಲಿಯನ್ನು ಹಿಡಿದು ಅಲ್ಲಾಡಿಸಿದರೆ ಅಕ್ಕಪಕ್ಕಕ್ಕೆ ಆಡುತ್ತಿತ್ತು. ತೋಳು ಡಬ್ಬಿಗೆ ಸೇರುವ ಕಡೆ ಕಂದು ಪುಡಿ ಕೂತು ಕೆಳಗೆ ಗೆರೆಯಾಗಿ ಇಳಿದಿತ್ತು. ಒಳಗೆ ಲೋಹಕ್ಕೆ ಲೋಹ ತಿಕ್ಕುತ್ತಿದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಬುಶ್ ಮುಗಿದಿತ್ತು. ನಾನು ಸೆಪ್ಟೆಂಬರ್‌ನಲ್ಲಿ ಈ ಪುಡಿ ನೋಡಿದ್ದರೆ ಸಾಕಿತ್ತು. ಟಾರ್ಚ್ ಹಾಕಿದರೆ ಹತ್ತು ಸೆಕೆಂಡಿನ ಕೆಲಸ.

ಇನ್ನೊಂದು ಮಾತು. ಬೆಲ್ಟಿನಲ್ಲಿ ಬಿರುಕೇ ಇಲ್ವಲ್ಲ ಅಂತ ಬಹಳ ಜನ ಕೇಳುತ್ತಾರೆ. ಹಳೆಯ ನಿಯೋಪ್ರೀನ್ ಬೆಲ್ಟುಗಳು ವಯಸ್ಸಾದರೆ ಬಿರುಕು ಬಿಡುತ್ತಿದ್ದವು. ಈಗಿನವು ಇಪಿಡಿಎಂ ಅನ್ನುವ ರಬ್ಬರಿನವು. ಬಿರುಕು ಬಿಡುವುದು ಕಡಿಮೆ, ಟೈರಿನ ಹಾಗೆ ಸವೆಯುತ್ತವೆ. ರಿಬ್‌ಗಳ ನಡುವಿನ ಸಂದು ಅಗಲವಾಗಿ ಬೆಲ್ಟ್ ಪುಲ್ಲಿಯ ಆಳಕ್ಕೆ ಕೂರುತ್ತದೆ. ಕಣ್ಣಿಗೆ ಕಪ್ಪಗೆ ಹೊಸದರ ಹಾಗೇ ಕಾಣುತ್ತದೆ. ಆದ್ದರಿಂದ ಕಣ್ಣನ್ನೇ ನಂಬಬೇಡಿ. ಹೊಸ ಬೆಲ್ಟನ್ನು ಪಕ್ಕದಲ್ಲಿ ಹಿಡಿದು ರಿಬ್ ಆಳ ಹೋಲಿಸಿ ನೋಡಿ.

ಟೆನ್ಷನರನ್ನು ಕೊಂದಿದ್ದು ಯಾರು

ಹುಡುಗ ಟೆನ್ಷನರ್ ತರಿಸೋಣ ಅಂತ ಫೋನ್ ಎತ್ತಿದ. ನಾನು ತಡಿ ಅಂದೆ. ಒಂದು ಸಲ ಎಡವಿದ್ದು ಸಾಕಾಗಿತ್ತು. ಅಂಚು ಸವೆದಿದ್ದು ಟೆನ್ಷನರಿನಿಂದ ಸರಿ, ಟೆನ್ಷನರ್ ಇಷ್ಟು ಕೆಟ್ಟದಾಗಿ ಸವೆದಿದ್ದು ಯಾಕೆ?

ಬೆಲ್ಟ್ ತೆಗೆದು ಒಂದೊಂದೇ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿದೆವು. ಕಂಪ್ರೆಸರ್ ಪುಲ್ಲಿ ನುಣ್ಣಗೆ ತಿರುಗಿತು. ವಾಟರ್ ಪಂಪಿನಲ್ಲಿ ಆಟವೂ ಇಲ್ಲ, ಸೋರಿಕೆಯೂ ಇಲ್ಲ. ಆಲ್ಟರ್ನೇಟರಿನಲ್ಲಿ ಉತ್ತರ ಸಿಕ್ಕಿತು.

ಬಹಳಷ್ಟು ಡೀಸೆಲ್ ಗಾಡಿಗಳಲ್ಲಿ ಆಲ್ಟರ್ನೇಟರ್ ಪುಲ್ಲಿಯ ಒಳಗೆ ಸೈಕಲ್ಲಿನ ಫ್ರೀವೀಲ್ ತರಹದ ಕ್ಲಚ್ ಇರುತ್ತದೆ. ಪೆಡಲ್ ನಿಲ್ಲಿಸಿದರೂ ಸೈಕಲ್ ಚಕ್ರ ತಿರುಗುತ್ತದಲ್ಲ, ಹಾಗೆ. ಯಾಕೆ ಬೇಕು ಅಂದರೆ, ಎಂಜಿನ್ ನಮಗೆ ಒಂದೇ ಸಮ ತಿರುಗಿದಂತೆ ಕಂಡರೂ ನಿಜಕ್ಕೂ ತಳ್ಳಿ ತಳ್ಳಿ ತಿರುಗುತ್ತದೆ. ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಕ್ರ್ಯಾಂಕಿನ ಒಂದು ಸುತ್ತಿಗೆ ಎರಡು ಸಲ ಉರಿ. ನಿಮಿಷಕ್ಕೆ 800 ಸುತ್ತಿನ ಐಡ್ಲಿಂಗ್‌ನಲ್ಲಿ 1,600 ತಳ್ಳು, ಸೆಕೆಂಡಿಗೆ 26ಕ್ಕಿಂತ ಜಾಸ್ತಿ. ಪ್ರತಿ ತಳ್ಳಿಗೂ ಬೆಲ್ಟ್ ಜೋರಾಗಿ, ಮರುಕ್ಷಣ ನಿಧಾನವಾಗುತ್ತದೆ. ಆಲ್ಟರ್ನೇಟರಿನ ಒಳಗೆ ತಿರುಗುವ ರೋಟರ್ ಭಾರದ್ದು. ಕ್ರ್ಯಾಂಕಿಗಿಂತ ಎರಡೂವರೆ ಮೂರು ಪಟ್ಟು ವೇಗದಲ್ಲಿ ಓಡುತ್ತಿರುತ್ತದೆ. ಬೆಲ್ಟ್ ನಿಧಾನವಾದಾಗ ಅದು ನಿಧಾನವಾಗಲು ಒಪ್ಪುವುದಿಲ್ಲ. ಫ್ರೀವೀಲ್ ಇದ್ದರೆ ಅದರ ಪಾಡಿಗೆ ಓಡಿಕೊಂಡಿರುತ್ತದೆ. ಫ್ರೀವೀಲ್ ಜಾಮ್ ಆದರೆ ಪ್ರತಿ ಸಲವೂ ಬೆಲ್ಟನ್ನು ಜಗ್ಗುತ್ತದೆ. ಆ ಜಗ್ಗಾಟವನ್ನೆಲ್ಲ ಕೊನೆಗೆ ತಿನ್ನುವುದು ಟೆನ್ಷನರಿನ ಬುಶ್.

ಮೇಷ್ಟ್ರ ಗಾಡಿಯಲ್ಲಿ ಆ ಕ್ಲಚ್ ಪೂರ್ತಿ ಕಚ್ಚಿಕೊಂಡಿತ್ತು. ರೋಟರನ್ನು ಹಿಡಿದು ಪುಲ್ಲಿ ತಿರುಗಿಸಿದರೆ ಒಂದು ಕಡೆಗೆ ಬಿಗಿ, ಇನ್ನೊಂದು ಕಡೆಗೆ ಸಲೀಸು ಬರಬೇಕು. ಇದು ಎರಡೂ ಕಡೆಗೆ ಬಿಗಿ.

ಮೇಷ್ಟ್ರು ಹದಿನೈದು ದಿನಕ್ಕೊಮ್ಮೆ ವಾಟರ್ ಸರ್ವಿಸ್ ಮಾಡಿಸುತ್ತಿದ್ದರು, ಬಾನೆಟ್ ತೆಗೆಸಿ ಒಳಗೂ ಪ್ರೆಶರ್ ನೀರು ಹೊಡೆಸುತ್ತಿದ್ದರು. ಸುಗ್ಗಿಯ ದೂಳು, ಕಬ್ಬಿನ ರವದಿ ಎಲ್ಲ ತುಂಬಿಕೊಳ್ಳುತ್ತದೆ ಅಂತ. ಕಾಳಜಿಯಿಂದಲೇ ಮಾಡಿಸಿದ್ದು. ಆದರೆ ಸೀಲ್ ಇರುವ ಬೇರಿಂಗ್‌ಗೆ ಹತ್ತಿರದಿಂದ ಪ್ರೆಶರ್ ನೀರು ಹೊಡೆದರೆ ನೀರು ಒಳಗೆ ನುಗ್ಗಿ ಗ್ರೀಸ್ ಕೆಡುತ್ತದೆ. ಪುಲ್ಲಿಯ ಮುಂದಿನ ಪ್ಲಾಸ್ಟಿಕ್ ಮುಚ್ಚಳವೂ ಇರಲಿಲ್ಲ, ಒಳಗೆ ತುಕ್ಕು ಕಾಣುತ್ತಿತ್ತು. ಎಂಜಿನ್ ಬದಿಗೆ ಒದ್ದೆ ಬಟ್ಟೆ, ಬ್ರಶ್ ಸಾಕು ಅಂತ ಮೇಷ್ಟ್ರಿಗೆ ಹೇಳಿದೆ.

ಸಾಮಾನು ಮತ್ತು ಜೋಡಣೆ

ಇಲ್ಲಿನ ಅಂಗಡಿಯಲ್ಲಿ ಒಂದು ಟೆನ್ಷನರ್ ಸಿಕ್ಕಿತು, ಬೆಲೆ ಅರ್ಧಕ್ಕಿಂತ ಕಡಿಮೆ. ಕೈಯಲ್ಲಿ ಹಿಡಿದು ನೋಡಿದೆ. ತೋಳಿನ ಮೇಲೆ ಗುರುತಿನ ಗೆರೆ ಇಲ್ಲ, ಪಾರ್ಟ್ ನಂಬರ್ ಇಲ್ಲ. ವಾಪಸ್ ಕೊಟ್ಟೆ. "ಪುಲ್ಲಿ ಬೇರಿಂಗ್ ಒಂದೇ ಬದಲಾಯಿಸಣ್ಣ" ಅಂದರು ಅಂಗಡಿಯವರು. ಬೇರಿಂಗ್ ಮಾತ್ರ ಸದ್ದು ಮಾಡುತ್ತಿದ್ದು ತೋಳು ಗಟ್ಟಿಯಿದ್ದರೆ ಹಾಗೆ ಮಾಡಬಹುದು. ಇಲ್ಲಿ ಬುಶ್ಶೇ ಹೋಗಿದೆ. ಆಲ್ಟರ್ನೇಟರಿಗೂ ಫ್ರೀವೀಲ್ ಬೇಡ, ಸಾಲಿಡ್ ಪುಲ್ಲಿ ಹಾಕಿಬಿಡಿ, ಜನ್ಮದಲ್ಲಿ ಕೆಡಲ್ಲ ಅನ್ನುವವರಿದ್ದಾರೆ. ಪುಲ್ಲಿ ಕೆಡುವುದಿಲ್ಲ, ನಿಜ. ಹೊಸ ಟೆನ್ಷನರ್ ಕೆಡುತ್ತದೆ.

ಸರಿಯಾದ ಸಾಮಾನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಮಾರನೇ ದಿನ ಬಂತು. ನಡುವೆ ಮೈಸೂರಿಗೆ ಹೋಗುವ ದಿನ ಇತ್ತು. ನನ್ನ ಗಾಡಿಯನ್ನೇ ಮೇಷ್ಟ್ರಿಗೆ ಕೊಟ್ಟು ಕಳಿಸಿದೆ.

ಆಲ್ಟರ್ನೇಟರ್ ಪುಲ್ಲಿ ಬಿಚ್ಚಲು ಒಳಗೆ ಹಲ್ಲಿರುವ ವಿಶೇಷ ಸಾಕೆಟ್ ಬೇಕು. ಅದಿಲ್ಲದೆ ಪೈಪ್ ರೆಂಚ್ ಹಾಕಿದರೆ ಪುಲ್ಲಿಯೂ ಹಾಳು, ರೋಟರ್ ಶಾಫ್ಟೂ ಹಾಳು. ಅದನ್ನು ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿದೆ.

ಟೆನ್ಷನರ್ ಕೆಲಸ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಆಗುವ ಸಣ್ಣ ತಪ್ಪುಗಳು ಮುಂದೆ ಸದ್ದಾಗಿ ವಾಪಸ್ ಬರುತ್ತವೆ. ಮೊದಲು ಬ್ಯಾಟರಿ ನೆಗೆಟಿವ್ ಬಿಚ್ಚಿದೆವು. ಬೆಲ್ಟ್ ಯಾವ ಪುಲ್ಲಿಯ ಮೇಲೆ, ಯಾವುದರ ಕೆಳಗೆ ಹೋಗಿದೆ ಅಂತ ತೆಗೆಯುವ ಮೊದಲೇ ಫೋಟೋ. ತೋಳನ್ನು ಸ್ಪ್ಯಾನರ್‌ನಲ್ಲಿ ಹಿಂದಕ್ಕೆ ಮೀಟಿ, ಎರಡು ತೂತು ಒಂದೇ ಸಾಲಿಗೆ ಬಂದಾಗ ಅಲೆನ್ ಕೀ ತೂರಿಸಿ ಲಾಕ್ ಮಾಡಿದೆವು. ಹುಡುಗ ಸ್ಪ್ಯಾನರನ್ನು ಥಟ್ಟನೆ ಬಿಡಲು ಹೊರಟಿದ್ದ, ಕೈ ಹಿಡಿದೆ. ಆ ಸ್ಪ್ರಿಂಗ್ ಬೆರಳು ಮುರಿಯುವಷ್ಟು ಬಲದ್ದು. ಹೊಸ ಟೆನ್ಷನರನ್ನೇ ಹಾಗೆ ಥಟ್ಟನೆ ಬಿಟ್ಟರೂ ಒಳಗಿನ ತಡೆಗೆ ಏಟು ಬೀಳುತ್ತದೆ.

ಬೋಲ್ಟ್ ಬಿಚ್ಚುವಾಗ ಯಾವ ಕಡೆ ಮರೆ (ಥ್ರೆಡ್) ಅಂತ ನೋಡಿಕೊಳ್ಳಬೇಕು. ಕೆಲವು ಗಾಡಿಗಳಲ್ಲಿ ಟೆನ್ಷನರ್ ಪುಲ್ಲಿಯ ಬೋಲ್ಟಿಗೆ ಎಡ ಮರೆ ಇರುತ್ತದೆ. ಎಂದಿನ ಹಾಗೆ ತಿರುವಿದರೆ ಬಿಚ್ಚುವ ಬದಲು ಇನ್ನೂ ಬಿಗಿಯಾಗಿ ತಲೆ ಮುರಿಯುತ್ತದೆ. ಹೊಸ ಟೆನ್ಷನರಿನ ಬೆನ್ನಿಗೆ ಒಂದು ಸಣ್ಣ ಮೊಳೆ ಇರುತ್ತದೆ. ಅದು ಎಂಜಿನ್ ಮೇಲಿನ ತೂತಿಗೆ ಸರಿಯಾಗಿ ಕೂತ ಮೇಲೇ ಬೋಲ್ಟ್ ಬಿಗಿಯಬೇಕು. ಕೂರದೆ ಬಿಗಿದರೆ ತೋಳಿನ ಕೋನ ತಪ್ಪುತ್ತದೆ, ಡಬ್ಬಿ ಬಿರಿಯಲೂಬಹುದು. ಅಂದಾಜಿಗೆ ಬಿಡದೆ ಆ ಮಾಡೆಲ್ಲಿನ ಮ್ಯಾನುಯಲ್ ನೋಡಿ ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿದೆ.

ಪುಲ್ಲಿಗಳ ಗೀರಿನಲ್ಲಿ ಮಾರ್ಚ್ ತಿಂಗಳ ಸೋಪು ದೂಳಿನ ಜೊತೆ ಗಟ್ಟಿಯಾಗಿ ಕೂತಿತ್ತು. ಬ್ರಶ್ ಹಾಕಿ ಕೆರೆದು ತೆಗೆದೆವು. ಸೋಪು, ಮೇಣ, ಬೆಲ್ಟ್ ಸ್ಪ್ರೇ ಯಾವುದೂ ಬೇಡ. ಸದ್ದು ಎರಡು ದಿನ ಅಡಗುತ್ತದೆ, ಜಾರುವುದು ನಿಲ್ಲುವುದಿಲ್ಲ. ಕಬ್ಬಿಣದ ಸ್ಕೇಲ್ ಇಟ್ಟು ಪುಲ್ಲಿಗಳು ಒಂದೇ ಸಾಲಿನಲ್ಲಿವೆ ಅಂತ ಖಾತ್ರಿ ಮಾಡಿಕೊಂಡೆ. ಹೊಸ ಬೆಲ್ಟ್ ಕೂರಿಸಿ, ಪ್ರತಿ ಪುಲ್ಲಿಯಲ್ಲೂ ಆರಕ್ಕೆ ಆರು ರಿಬ್ ಕೂತಿವೆಯಾ ಅಂತ ಬೆರಳಾಡಿಸಿ ನೋಡಿದೆ. ಒಂದೇ ಒಂದು ರಿಬ್ ಹೊರಗುಳಿದರೆ ಕೆಲವೇ ದಿನದಲ್ಲಿ ಬೆಲ್ಟ್ ಸೀಳುತ್ತದೆ. ಆಮೇಲೆ ಲಾಕ್ ತೆಗೆದು ತೋಳನ್ನು ಮೆಲ್ಲಗೆ ಬಿಟ್ಟೆ. ಕ್ರ್ಯಾಂಕನ್ನು ಸ್ಪ್ಯಾನರ್‌ನಲ್ಲಿ ಕೈಯಿಂದಲೇ ಎರಡು ಸುತ್ತು ತಿರುಗಿಸಿ ಮತ್ತೊಮ್ಮೆ ನೋಡಿ, ಆಮೇಲೆ ಸ್ಟಾರ್ಟ್.

ಸದ್ದಿಲ್ಲ. ನನಗೆ ಅದಷ್ಟೇ ಸಾಲದಾಗಿತ್ತು. ತೋಳಿನ ಮೇಲಿನ ಗುರುತು ಡಬ್ಬಿಯ ಎರಡು ಗೆರೆಗಳ ನಡುವೆ ನಿಂತಿತ್ತು. ಎಸಿ ಹಾಕಿದರೆ ತೋಳು ಒಮ್ಮೆ ಅಲುಗಿ ನಿಂತಿತು. ಎಸಿ, ಹೆಡ್‌ಲೈಟ್, ಬ್ಲೋವರ್ ಎಲ್ಲ ಹಾಕಿ ಮೀಟರ್ ಇಟ್ಟರೆ 14.2.

ಲೆಕ್ಕ ಮತ್ತು ನಂತರ

ಟೆನ್ಷನರ್ 3,400, ಆಲ್ಟರ್ನೇಟರ್ ಪುಲ್ಲಿ 2,600, ಬೆಲ್ಟ್ 950. ಎಲೆಕ್ಟ್ರಿಷಿಯನ್‌ಗೆ 400. ನನ್ನ ಕೂಲಿ ಹಾಕಲಿಲ್ಲ. ಮೇಷ್ಟ್ರು ಒತ್ತಾಯ ಮಾಡಿದರು. "ಸೆಪ್ಟೆಂಬರ್‌ನಲ್ಲೇ ನೋಡಬೇಕಿತ್ತು ಸಾರ್, ನೋಡಲಿಲ್ಲ" ಅಂದೆ. ಹಳೆಯ ಟೆನ್ಷನರನ್ನು ಅವರ ಕೈಗೆ ಕೊಟ್ಟು ಪುಲ್ಲಿ ಅಲ್ಲಾಡಿಸಿ ತೋರಿಸಿದೆ. ಸ್ವಲ್ಪ ಹೊತ್ತು ಅದನ್ನೇ ತಿರುಗಿಸಿ ನೋಡಿದರು. "ಇಷ್ಟು ಸಣ್ಣದ್ರಿಂದ ಇಷ್ಟೊಂದಾಗೋಯ್ತಾ" ಅಂದರು.

ಆವತ್ತಿನಿಂದ ನಮ್ಮ ಗ್ಯಾರೇಜಿನಲ್ಲಿ ಬೆಲ್ಟ್ ಬದಲಾಯಿಸಲು ಬಂದ ಗಾಡಿಗೆ ಹೀಗೆ ಮಾಡುತ್ತೇವೆ. ಬೆಲ್ಟ್ ತೆಗೆದ ಮೇಲೆ ಪ್ರತಿ ಪುಲ್ಲಿಯನ್ನೂ ಕೈಯಲ್ಲಿ ತಿರುಗಿಸಿ, ತೋಳನ್ನು ಮೀಟಿ ನೋಡಿದ ಹೊರತು ಹೊಸ ಬೆಲ್ಟಿನ ಕವರ್ ಒಡೆಯುವುದಿಲ್ಲ. ಐದು ನಿಮಿಷ ಜಾಸ್ತಿ ಹಿಡಿಯುತ್ತದೆ. ಲಕ್ಷ ಕಿಲೋಮೀಟರ್ ಹತ್ತಿರ ಬಂದ ಗಾಡಿಯಲ್ಲಿ ತೋಳು ಸ್ವಲ್ಪ ವಾಲಿದ್ದರೂ ಬೆಲ್ಟಿನ ಜೊತೆಗೇ ಟೆನ್ಷನರ್ ಬದಲಾಯಿಸಿ ಅಂತ ಮುಖಕ್ಕೇ ಹೇಳುತ್ತೇನೆ. ಕೆಲವರು ಬೇಡ ಅನ್ನುತ್ತಾರೆ. ಹಾಗಿದ್ದರೆ ಬಿಲ್ಲಿನ ಹಿಂದೆ ಅದನ್ನು ಬರೆದುಕೊಡುತ್ತೇನೆ, ಮುಂದೆ ಇನ್ನೊಬ್ಬ ಮೆಕ್ಯಾನಿಕ್ ನೋಡಿದರೂ ಗೊತ್ತಾಗಲಿ ಅಂತ.

ಮೇಷ್ಟ್ರ ಗಾಡಿ ಜೂನ್‌ನಲ್ಲಿ 1,24,300ಕ್ಕೆ ಆಯಿಲ್ ಬದಲಾಯಿಸಲು ಬಂದಿತ್ತು. ಹಿಂದಿನ ರಾತ್ರಿಯೇ ತಂದು ಬಿಡಿ ಅಂತ ನಾನೇ ಹೇಳಿದ್ದೆ. ಬೆಳಿಗ್ಗೆ ಆರಕ್ಕೆ ಮಳೆ ಹನಿಯುತ್ತಿತ್ತು. ಹುಡುಗ ಸ್ಟಾರ್ಟ್ ಮಾಡಿದ. ನಾನು ಟಾರ್ಚ್ ಹಿಡಿದು ಬಗ್ಗಿ ನೋಡಿದೆ. ಗುರುತು ಎರಡು ಗೆರೆಗಳ ನಡುವೆಯೇ ಇತ್ತು. ಬೆಲ್ಟಿನ ಎರಡೂ ಅಂಚು ನೆಟ್ಟಗಿದ್ದವು, ಡಬ್ಬಿಯ ಸುತ್ತ ಕಂದು ಪುಡಿ ಇರಲಿಲ್ಲ. ಬಾನೆಟ್ ಮುಚ್ಚಿ ಮೇಷ್ಟ್ರಿಗೆ ಫೋನ್ ಮಾಡಿದೆ.